ಜ್ವರ ಬಿಟ್ಟ ವಾರಕ್ಕೇ ವಿಟಮಿನ್ ಪರೀಕ್ಷೆ? ರಿಪೋರ್ಟ್ ಓದುವ ಮೊದಲು ಸಿಆರ್‌ಪಿ ನೋಡಿ

ಮಳೆಗಾಲ ಹಿಡಿದ ಮೇಲೆ ಹುಬ್ಬಳ್ಳಿ, ಗದಗ, ಹಾವೇರಿಯ ಲ್ಯಾಬ್‌ಗಳ ಕೌಂಟರಿನಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳುತ್ತದೆ: “ಜ್ವರ ಬಿಟ್ಟೈತ್ರಿ, ಆದ್ರ ಭಾಳ ಅಶಕ್ತ ಆಗೇತಿ. ವಿಟಮಿನ್ ಎಲ್ಲಾ ಒಮ್ಮೆ ಚೆಕ್ ಮಾಡಿಬಿಡ್ರಿ.” ಡೆಂಗಿ, ಚಿಕೂನ್‌ಗುನ್ಯಾ, ನ್ಯುಮೋನಿಯಾ, ಮೂತ್ರದ ಸೋಂಕು, ಯಾವುದೇ ಇರಲಿ, ಜ್ವರ ಇಳಿದ ಮೂರು ನಾಲ್ಕು ದಿನಕ್ಕೆ ಪೂರ್ತಿ ಪ್ಯಾಕೇಜಿಗೆ ರಕ್ತ ಕೊಡುತ್ತಾರೆ. ಸಂಜೆ ರಿಪೋರ್ಟ್ ಬರುತ್ತದೆ. ಡಿ ಕಡಿಮೆ, ಜಿಂಕ್ ಕಡಿಮೆ, ಎ ಕಡಿಮೆ. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮಾತ್ರ ಜಾಸ್ತಿ. ಮರುದಿನ ಮನೆಯಲ್ಲಿ ಗುಳಿಗೆಯ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ, ನಿಜಕ್ಕೂ ಬೇಕಾಗಿದ್ದ ಕಬ್ಬಿಣದ ಗುಳಿಗೆಯೊಂದನ್ನು ಬಿಟ್ಟು.

ಮಷೀನು ತಪ್ಪು ಮಾಡಿರುವುದಿಲ್ಲ. ರಕ್ತದಲ್ಲಿ ಆ ದಿನ ಅಷ್ಟೇ ಇತ್ತು. ಆದರೆ ಮೈಯಲ್ಲಿ ಉರಿಯೂತ (ಸೋಂಕಿಗೆ, ಪೆಟ್ಟಿಗೆ ದೇಹ ತೋರುವ ಪ್ರತಿಕ್ರಿಯೆ) ಇರುವಾಗ ರಕ್ತದಲ್ಲಿರುವುದು ಬೇರೆ, ದೇಹದ ದಾಸ್ತಾನು ಬೇರೆ. ಉರಿಯೂತ ಇದೆಯೇ ಎಂದು ತೋರಿಸುವ ರಕ್ತದ ಪ್ರೋಟೀನೇ ಸಿಆರ್‌ಪಿ. ಆ ವ್ಯತ್ಯಾಸ ತಿಳಿದು ರಕ್ತ ಕೊಡುವ ದಿನವನ್ನು ಹೇಗೆ ಗೊತ್ತುಮಾಡಬೇಕು, ಬಂದ ಅಂಕಿಯನ್ನು ಹೇಗೆ ಓದಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ. ಪರೀಕ್ಷೆ ಮಾಡಿಸುವವರಿಗೂ ಇದು ಬೇಕು, ತಾಲೂಕು ಊರುಗಳ ಲ್ಯಾಬ್‌ಗಳಲ್ಲಿ ರಕ್ತ ತೆಗೆಯುವವರಿಗೂ ಬೇಕು.

ಅಂಕಿ ಯಾಕೆ ಇಳಿಯುತ್ತದೆ

ಬ್ಯಾಡಗಿಯ ಶೈತ್ಯಾಗಾರಗಳಲ್ಲಿ ಎಷ್ಟು ಮೆಣಸಿನಕಾಯಿ ಚೀಲ ಇವೆ ಎಂದು ತಿಳಿಯಬೇಕು, ಆದರೆ ಒಳಗೆ ಹೋಗಲು ಬಿಡುವುದಿಲ್ಲ ಎಂದುಕೊಳ್ಳಿ. ರಸ್ತೆಯಲ್ಲಿ ನಿಂತು ಲಾರಿ ಎಣಿಸಬೇಕಾಗುತ್ತದೆ. ಮಾಮೂಲಿ ದಿನ ಇದು ಒಳ್ಳೆಯ ಅಂದಾಜೇ. ಹಮಾಲರು ಕೆಲಸ ನಿಲ್ಲಿಸಿದ ದಿನ ಮಾತ್ರ ರಸ್ತೆ ಖಾಲಿ ಇರುತ್ತದೆ, ಒಳಗೆ ಚೀಲ ತುಂಬಿರುತ್ತವೆ. ವಿಟಮಿನ್ ಎ ವಿಷಯದಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಅದರ ದಾಸ್ತಾನು ಇರುವುದು ಯಕೃತ್ತಿನಲ್ಲಿ. ಅಲ್ಲಿಂದ ರೆಟಿನಾಲ್ ಎಂಬ ರೂಪದಲ್ಲಿ ರಕ್ತಕ್ಕೆ ಹೊರಡಬೇಕಾದರೆ ರೆಟಿನಾಲ್ ಬೈಂಡಿಂಗ್ ಪ್ರೋಟೀನ್ ಎಂಬ ವಾಹಕ ಬೇಕು. ಸೋಂಕು ತಗುಲಿದಾಗ ಐಎಲ್-6 ಮುಂತಾದ ಸಂದೇಶ ರಾಸಾಯನಿಕಗಳು ಯಕೃತ್ತಿಗೆ ಬೇರೆ ಕೆಲಸ ಹಚ್ಚುತ್ತವೆ: ಸಿಆರ್‌ಪಿ, ಫೆರಿಟಿನ್, ಸೆರುಲೋಪ್ಲಾಸ್ಮಿನ್ (ತಾಮ್ರದ ವಾಹಕ) ಹೆಚ್ಚಿಗೆ ತಯಾರಿಸು, ಅಲ್ಬುಮಿನ್, ಟ್ರಾನ್ಸ್‌ಫೆರಿನ್ (ಕಬ್ಬಿಣದ ವಾಹಕ), ರೆಟಿನಾಲಿನ ವಾಹಕ ಕಡಿಮೆ ಮಾಡು. ವಾಹಕ ಇಳಿದರೆ ಅದರ ಮೇಲೆ ಕೂತ ವಿಟಮಿನ್ನೂ ಇಳಿದಂತೆ ಕಾಣುತ್ತದೆ.

ಇದರ ಜೊತೆಗೆ ಇನ್ನೂ ಮೂರು ಸೇರಿಕೊಳ್ಳುತ್ತವೆ. ಸೂಕ್ಷ್ಮ ರಕ್ತನಾಳಗಳು ಸಡಿಲವಾಗಿ ಪ್ರೋಟೀನು ಹೊರಗೆ ಸೋರುತ್ತದೆ. ದವಾಖಾನೆಯಲ್ಲಿ ಸಲೈನ್ ಹಚ್ಚಿದ್ದರೆ ರಕ್ತ ತೆಳುವಾಗಿರುತ್ತದೆ. ಜಿಂಕ್‌ನಂಥ ಖನಿಜವನ್ನು ಯಕೃತ್ತು ರಕ್ತದಿಂದ ತನ್ನೊಳಗೇ ಎಳೆದುಕೊಳ್ಳುತ್ತದೆ. ಇಷ್ಟರ ನಡುವೆ ನಿಜವಾದ ಖರ್ಚೂ ಇರುತ್ತದೆ: ಜ್ವರದಲ್ಲಿ ವಿಟಮಿನ್ ಸಿ ಬೇಗ ಬಳಕೆಯಾಗುತ್ತದೆ, ತೀವ್ರ ಸೋಂಕಿನಲ್ಲಿ ವಿಟಮಿನ್ ಎ ಮೂತ್ರದಲ್ಲೂ ಹೋಗುತ್ತದೆ. ಆದ್ದರಿಂದ “ಉರಿಯೂತ ಇತ್ತು, ಹಾಗಾಗಿ ಕೊರತೆ ಸುಳ್ಳು” ಎನ್ನುವುದೂ ತಪ್ಪೇ. ಆ ದಿನದ ಅಂಕಿಯಿಂದ ಕೊರತೆ ಇದೆ ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು.

ಸಿಆರ್‌ಪಿ: ಅದೇ ಸ್ಯಾಂಪಲ್‌ನಲ್ಲಿ, ಘಟಕ ನೋಡಿ

ವಿಟಮಿನ್‌ಗೆ ರಕ್ತ ಕೊಡುವಾಗ ಅದೇ ಸೂಜಿಯ ರಕ್ತದಲ್ಲೇ ಸಿಆರ್‌ಪಿಯನ್ನೂ ಮಾಡಿಸಿ. ಇದು ಅಗ್ಗದ ಪರೀಕ್ಷೆ, ಸಣ್ಣ ಲ್ಯಾಬ್‌ಗಳಲ್ಲೂ ಆಗುತ್ತದೆ. ಹೋದ ವಾರದ ಸಿಆರ್‌ಪಿ ಕೆಲಸಕ್ಕೆ ಬಾರದು. ಸೋಂಕು ಶುರುವಾದ ಕೆಲವೇ ತಾಸಿನಲ್ಲಿ ಅದು ಏರತೊಡಗುತ್ತದೆ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ, ಕಾರಣ ತೀರಿದ ಮೇಲೆ ಸುಮಾರು 19 ತಾಸಿಗೊಮ್ಮೆ ಅರ್ಧವಾಗುತ್ತ ಇಳಿಯುತ್ತದೆ. ಹೀಗಾಗಿ ಅದು ಆ ದಿನದ ಸಾಕ್ಷಿ ಮಾತ್ರ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಘಟಕದಲ್ಲಿ. ಕೆಲವು ಲ್ಯಾಬ್‌ಗಳು ಸಿಆರ್‌ಪಿಯನ್ನು ಲೀಟರಿಗೆ ಮಿಲಿಗ್ರಾಂ ಎಂದು ಕೊಡುತ್ತವೆ, ಕೆಲವು ಡೆಸಿಲೀಟರಿಗೆ ಮಿಲಿಗ್ರಾಂ ಎಂದು. ಡೆಸಿಲೀಟರಿಗೆ 1 ಅಂದರೆ ಲೀಟರಿಗೆ 10. “ಸಿಆರ್‌ಪಿ 3 ಇದೆ, ನಾರ್ಮಲ್” ಎಂದು ಪಕ್ಕಕ್ಕಿಟ್ಟ ರಿಪೋರ್ಟು ನಿಜಕ್ಕೆ 30 ಇರಬಹುದು. ಈ ಬರಹದಲ್ಲಿ ಮುಂದೆ ಬರುವ ಎಲ್ಲ ಸಿಆರ್‌ಪಿ ಅಂಕಿಗಳೂ ಲೀಟರಿಗೆ ಮಿಲಿಗ್ರಾಂ ಲೆಕ್ಕದವು.

ಉರಿಯೂತಕ್ಕೆಂದೇ ಮಾಡುವ ಹಳೆಯ ಪರೀಕ್ಷೆ ಇಎಸ್‌ಆರ್ ಇದಕ್ಕೆ ಬದಲಿ ಅಲ್ಲ. ರಕ್ತಹೀನತೆ ಇದ್ದರೂ, ಬಸುರಿಯಾಗಿದ್ದರೂ, ವಯಸ್ಸಾದರೂ ಅದು ಏರುತ್ತದೆ. ಸೋಂಕು ಹೋಗಿ ವಾರಗಟ್ಟಲೆ ಆದರೂ ಇಳಿಯುವುದಿಲ್ಲ. ಸಿಆರ್‌ಪಿಗೂ ಒಂದು ಮಿತಿ ಇದೆ. ಅದು ಬೇಗ ಇಳಿದುಬಿಡುತ್ತದೆ, ಆದರೆ ಫೆರಿಟಿನ್ ಮತ್ತು ರೆಟಿನಾಲ್ ಮೇಲಿನ ಪ್ರಭಾವ ಇನ್ನೂ ಸ್ವಲ್ಪ ದಿನ ಉಳಿಯುತ್ತದೆ. ಈ ಬಾಲದ ಅವಧಿಯನ್ನು ತೋರಿಸುವುದು ಎಜಿಪಿ ಎಂಬ ಇನ್ನೊಂದು ಪ್ರೋಟೀನು. ಅದು ನಿಧಾನ ಏರಿ ನಿಧಾನ ಇಳಿಯುತ್ತದೆ, ಲೀಟರಿಗೆ 1 ಗ್ರಾಂ ದಾಟಿದರೆ ಉರಿಯೂತ ಇನ್ನೂ ಇದೆ ಎಂದು ಲೆಕ್ಕ. ನಮ್ಮ ಕಡೆ ಎಜಿಪಿ ಮಾಡಿಸುವವರು ಕಡಿಮೆ. ಅದಿಲ್ಲದಿದ್ದರೆ ಸಿಆರ್‌ಪಿ 5ರ ಕೆಳಗೆ ಬಂದ ಮೇಲೂ ಎರಡು ವಾರ ತಡೆಯುವುದು ಒಳ್ಳೆಯದು.

ದಿನ ಗೊತ್ತುಮಾಡುವುದು

ನೆಗಡಿ, ಕೆಮ್ಮು, ಹೊಟ್ಟೆ ಕೆಟ್ಟಂಥ ಸಣ್ಣ ಕಾಯಿಲೆ ಆಗಿದ್ದರೆ ಪೂರ್ತಿ ಗುಣವಾದ ಮೇಲೆ 2ರಿಂದ 3 ವಾರ ಬಿಡಿ. ಡೆಂಗಿ, ಟೈಫಾಯ್ಡ್, ನ್ಯುಮೋನಿಯಾ ಆಗಿದ್ದರೆ 4ರಿಂದ 6 ವಾರ. ಲಸಿಕೆ ಹಾಕಿಸಿಕೊಂಡಿದ್ದರೆ 2 ವಾರ. ಇವು ಅನುಭವದ ಅಂದಾಜುಗಳು. ಕೊನೆಯ ಮಾತು ಆ ದಿನದ ಸಿಆರ್‌ಪಿಯದ್ದು. ದೊಡ್ಡ ಶಸ್ತ್ರಚಿಕಿತ್ಸೆ ಆಗಿದ್ದರೆ ಕಡಿಮೆ ಎಂದರೂ 3 ತಿಂಗಳು. ಮಂಡಿಯ ಕೀಲು ಬದಲಿಸಿಕೊಂಡವರಲ್ಲಿ ಎರಡನೇ ದಿನಕ್ಕೆ ವಿಟಮಿನ್ ಡಿ ಸುಮಾರು 40 ಶೇಕಡಾ ಇಳಿದದ್ದು, 3 ತಿಂಗಳಾದರೂ ಪೂರ್ತಿ ಮೇಲೆ ಬಾರದೆ ಇದ್ದದ್ದು ಅಧ್ಯಯನದಲ್ಲಿ ದಾಖಲಾಗಿದೆ.

ಜ್ವರ ಇಲ್ಲ ಎಂದ ಮಾತ್ರಕ್ಕೆ ಉರಿಯೂತ ಇಲ್ಲ ಎಂದಲ್ಲ. ಕೀವು ತುಂಬಿದ ಹಲ್ಲು, ವಸಡಿನ ಬಾವು, ಸಕ್ಕರೆ ಕಾಯಿಲೆಯವರ ಮಾಯದ ಕಾಲಿನ ಹುಣ್ಣು, ಚಿಕೂನ್‌ಗುನ್ಯಾ ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ಕೀಲುನೋವು, ದಪ್ಪ ಮೈ, ಬೀಡಿ–ಸಿಗರೇಟು, ಇವೆಲ್ಲ ಸಿಆರ್‌ಪಿಯನ್ನು ಮೇಲಿಡಬಹುದು. ರಕ್ತ ತೆಗೆಯುವವರು ಸೂಜಿ ಹಾಕುವ ಮೊದಲು ಕೇಳಬೇಕಾದದ್ದು ಇಷ್ಟೇ: “ಹೋದ ಒಂದು ತಿಂಗಳದಾಗ ಜ್ವರ ಏನರ ಬಂದಿತ್ತೇನ್ರಿ? ಮೈಮ್ಯಾಲೆ ಎಲ್ಲ್ಯರ ಬಾವು, ಹುಣ್ಣು, ಹಲ್ಲುನೋವು ಅದ ಏನ್ರಿ? ಯಾವ ಗುಳಿಗೆ, ಇಂಜೆಕ್ಷನ್ ತಗೋಳಾಕ ಹತ್ತೀರಿ?” ಉತ್ತರವನ್ನು ಫಾರ್ಮಿನ ಮೇಲೆ ಬರೆಯಿರಿ. ಹುಬ್ಬಳ್ಳಿಯಲ್ಲಿ ಆಗದ ಪರೀಕ್ಷೆಗಳು ಬೆಂಗಳೂರಿಗೋ ಮುಂಬೈಗೋ ಹೋಗುತ್ತವೆ. ಅಲ್ಲಿ ಕೂತು ರಿಪೋರ್ಟಿಗೆ ಸಹಿ ಹಾಕುವವರಿಗೆ ರೋಗಿಯ ಬಗ್ಗೆ ತಿಳಿಯುವುದು ಆ ಒಂದು ಸಾಲಿನಿಂದ ಮಾತ್ರ.

ರಕ್ತ ಕೊಡುವ ಬೆಳಿಗ್ಗೆ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ನೀರು ಮಾತ್ರ ಕುಡಿದು ಬನ್ನಿ. ಹಿಂದಿನ 24 ತಾಸು ವಿಟಮಿನ್ ಗುಳಿಗೆ ಬೇಡ. ಕೂದಲು ಉದುರುವುದಕ್ಕೆ ತೆಗೆದುಕೊಳ್ಳುವ ಗುಳಿಗೆಗಳಲ್ಲಿ ಬಹಳ ಸಲ 5 ಅಥವಾ 10 ಮಿಲಿಗ್ರಾಂ ಬಯೋಟಿನ್ (ಬಿ7 ವಿಟಮಿನ್) ಇರುತ್ತದೆ. ಅದನ್ನು ವೈದ್ಯರಿಗೆ ತಿಳಿಸಿ 3 ದಿನ ಮೊದಲೇ ನಿಲ್ಲಿಸಿ. ಬಯೋಟಿನ್‌ನ ಹಿಡಿತವನ್ನೇ ಬಳಸುವ ಮಷೀನುಗಳಲ್ಲಿ ಅದು ಡಿ, ಬಿ12, ಫೋಲೇಟ್ ಅಂಕಿಯನ್ನು ಸುಳ್ಳೇ ಏರಿಸುತ್ತದೆ, ಫೆರಿಟಿನ್ ಮತ್ತು ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಅಂಕಿಯನ್ನು ಸುಳ್ಳೇ ಇಳಿಸುತ್ತದೆ. ಇದು ಉರಿಯೂತದ ಪ್ರಭಾವಕ್ಕೆ ಸರಿಯಾಗಿ ಉಲ್ಟಾ. ಎರಡೂ ಒಟ್ಟಿಗೆ ಇದ್ದರೆ ಅಂಕಿಗಳು ನೋಡಲು ಚೆನ್ನಾಗಿ, ಒಳಗೆ ಪೂರ್ತಿ ತಪ್ಪಾಗಿ ಬರಬಹುದು.

ರಕ್ತ ತೆಗೆಯುವವರು ರೋಗಿಯನ್ನು 10–15 ನಿಮಿಷ ಕೂಡಿಸಿ ತೆಗೆಯಬೇಕು. ಮಲಗಿದವರು ಎದ್ದು ನಿಂತರೆ ಪ್ರೋಟೀನಿಗೆ ಅಂಟಿದ ಪದಾರ್ಥಗಳ ಅಂಕಿ ಏರುತ್ತದೆ. ಹೋದ ಸಲ ಹಾಸಿಗೆಯ ಮೇಲೆ, ಈ ಸಲ ಕುರ್ಚಿಯ ಮೇಲೆ ತೆಗೆದರೆ ಹೋಲಿಕೆ ಕೆಡುತ್ತದೆ. ತೋಳಿಗೆ ಕಟ್ಟಿದ ಪಟ್ಟಿ ಒಂದು ನಿಮಿಷ ದಾಟಬಾರದು. ಸಲೈನ್ ಹೋಗುತ್ತಿರುವ ಕೈ ಮುಟ್ಟಬೇಡಿ.

ಟ್ಯೂಬಿನ ವಿಷಯಕ್ಕೆ ಬಂದರೆ, ಜಿಂಕ್‌ಗೆ ಕಡುನೀಲಿ ಮುಚ್ಚಳದ, ಖನಿಜದ ಅಂಶ ಇಲ್ಲದ ಟ್ಯೂಬೇ ಬೇಕು. ಸಾಮಾನ್ಯ ಟ್ಯೂಬಿನ ರಬ್ಬರಿನಿಂದಲೇ ಜಿಂಕ್ ಸೇರಿಕೊಂಡು ಅಂಕಿ ಏರುತ್ತದೆ. ಕೆಂಪು ರಕ್ತಕಣ ಒಡೆದು ಸೀರಂ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಜಿಂಕ್ ಮತ್ತು ಫೋಲೇಟ್ ಎರಡೂ ಸುಳ್ಳೇ ಹೆಚ್ಚು ಬರುತ್ತವೆ, ಆ ಸ್ಯಾಂಪಲ್ ಬಿಟ್ಟು ಹೊಸದು ತೆಗೆಯಿರಿ. ವಿಟಮಿನ್ ಎ ಸ್ಯಾಂಪಲ್‌ಗೆ ಬೆಳಕು ತಾಗಬಾರದು, ಫಾಯಿಲ್ ಸುತ್ತಿ. ವಿಟಮಿನ್ ಸಿ ಎಲ್ಲಕ್ಕಿಂತ ನಾಜೂಕು: ಐಸಿನಲ್ಲಿ ಇಟ್ಟು, ಬೇಗ ಬೇರ್ಪಡಿಸಿ, ಆಮ್ಲ ಹಾಕಿ ಕಾಪಾಡದಿದ್ದರೆ ಟ್ಯೂಬಿನಲ್ಲೇ ಹಾಳಾಗುತ್ತದೆ. ರೋಣದಿಂದಲೋ ಹಿರೇಕೆರೂರಿನಿಂದಲೋ ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನ ಮೇಲೆ ಬಂದ ವಿಟಮಿನ್ ಸಿ ಸ್ಯಾಂಪಲ್ ಸೊನ್ನೆ ತೋರಿಸಿದರೆ ಅದು ರೋಗಿಯ ಸುದ್ದಿ ಅಲ್ಲ. ಬಿ12, ಫೋಲೇಟ್ ಕೊರತೆಯ ಸುಳಿವಿಗೆ ಅಳೆಯುವ ಹೋಮೋಸಿಸ್ಟೀನ್ ಇದಕ್ಕೆ ವಿರುದ್ಧ. ತಣ್ಣಗಿಟ್ಟು ಕೂಡಲೇ ಬೇರ್ಪಡಿಸದಿದ್ದರೆ ಕೆಂಪುಕಣಗಳು ಅದನ್ನು ಬಿಡುತ್ತಲೇ ಇರುತ್ತವೆ, ಅಂಕಿ ತಾಸಿನಿಂದ ತಾಸಿಗೆ ಏರುತ್ತದೆ.

ಯಾವ ಅಂಕಿ ಎಷ್ಟು ನಂಬುವುದು

ಸ್ಕಾಟ್ಲೆಂಡಿನ ಗ್ಲಾಸ್ಗೋದ ತಜ್ಞರು 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ವಿಷಯದಲ್ಲಿ ಬಹಳ ಉಪಯೋಗಿ. ಅವರು ಕೊಟ್ಟ ಗೆರೆಗಳನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಬಹುದು. ಜಿಂಕ್ ಅಂಕಿಯನ್ನು ಓದಬೇಕಾದರೆ ಸಿಆರ್‌ಪಿ 20ಕ್ಕಿಂತ ಕಡಿಮೆ ಇರಬೇಕು. ಸೆಲೆನಿಯಂ, ವಿಟಮಿನ್ ಎ, ವಿಟಮಿನ್ ಡಿಗೆ 10ಕ್ಕಿಂತ ಕಡಿಮೆ. ಬಿ6 ಮತ್ತು ಸಿಗೆ 5ಕ್ಕಿಂತ ಕಡಿಮೆ. ಉರಿಯೂತ ಜೋರಾದಾಗ ಸೆಲೆನಿಯಂ, ಎ, ಬಿ6, ಸಿ ಇವುಗಳ ಮಧ್ಯಮ ಮಟ್ಟ 40 ಶೇಕಡಾಕ್ಕಿಂತ ಹೆಚ್ಚು ಕುಸಿದಿತ್ತು. ಆದರೆ ಒಬ್ಬರಿಂದ ಒಬ್ಬರಿಗೆ ಕುಸಿತ ತೀರ ಬೇರೆ ಬೇರೆ. ಆದ್ದರಿಂದ “ಸಿಆರ್‌ಪಿ ಇಷ್ಟಿದೆ, ಹಾಗಾಗಿ ಅಂಕಿಗೆ ಇಷ್ಟು ಕೂಡಿಸೋಣ” ಎಂದು ಒಬ್ಬ ರೋಗಿಯ ರಿಪೋರ್ಟ್ ತಿದ್ದಲು ಬರುವುದಿಲ್ಲ.

ತಿದ್ದಲು ಬಾರದಿದ್ದರೂ ಒಂದು ನಿಯಮ ಕೈಬಿಡುವುದಿಲ್ಲ: ಉರಿಯೂತ ಒಂದು ಅಂಕಿಯನ್ನು ಯಾವ ದಿಕ್ಕಿಗೆ ತಳ್ಳುತ್ತದೋ ಅದಕ್ಕೆ ಎದುರಾಗಿ ನಿಂತ ಫಲಿತಾಂಶವನ್ನು ನಂಬಿ. ವಿಟಮಿನ್ ಎ ಇಳಿಯಬೇಕಾದ ಹೊತ್ತಿನಲ್ಲೂ ಸರಿಯಾಗಿದೆಯೇ? ಹಾಗಾದರೆ ನಿಜಕ್ಕೂ ಸರಿಯಾಗಿದೆ. ಫೆರಿಟಿನ್ ಏರಬೇಕಾದ ಹೊತ್ತಿನಲ್ಲೂ 10 ಇದೆಯೇ? ಕಬ್ಬಿಣದ ದಾಸ್ತಾನು ಬರಿದಾಗಿದೆ, ಇನ್ನೊಂದು ಪರೀಕ್ಷೆ ಬೇಕಿಲ್ಲ. ತಳ್ಳಿದ ಕಡೆಗೇ ಹೋದ ಅಂಕಿಗಳನ್ನು ಮಾತ್ರ ಮತ್ತೆ ನೋಡಬೇಕು.

ಫೆರಿಟಿನ್ ವಿಟಮಿನ್ ಅಲ್ಲ, ಆದರೂ ಪ್ರತಿ ಪ್ಯಾಕೇಜಿನಲ್ಲೂ ಇರುತ್ತದೆ, ಹೆಚ್ಚು ಮೋಸ ಆಗುವುದೂ ಅದರಲ್ಲೇ. ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದರೂ ಲೀಟರಿಗೆ ಮೈಕ್ರೋಗ್ರಾಂ ಎಂದರೂ ಇಲ್ಲಿ ಅಂಕಿ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಆರೋಗ್ಯವಂತ ದೊಡ್ಡವರಲ್ಲಿ 15ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ; ಸೋಂಕು ಅಥವಾ ಉರಿಯೂತ ಇದ್ದರೆ ಆ ಗೆರೆ 70ಕ್ಕೆ ಏರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ 12, ಸೋಂಕಿದ್ದರೆ 30. ಅಂದರೆ ಜ್ವರ ಬಿಟ್ಟ ವಾರ ಬಂದ “ಫೆರಿಟಿನ್ 50, ನಾರ್ಮಲ್” ಎಂಬ ಸಾಲಿನ ಹಿಂದೆ ಕೊರತೆ ಅಡಗಿರಬಹುದು. ಡೆಂಗಿಯಲ್ಲಂತೂ ಫೆರಿಟಿನ್ ನೂರಾರು, ಕೆಲವರಲ್ಲಿ ಸಾವಿರಾರು ಮುಟ್ಟುತ್ತದೆ. ಅದನ್ನು ನೋಡಿ ಬಸುರಿ ಹೆಣ್ಣುಮಗಳ ಕಬ್ಬಿಣದ ಗುಳಿಗೆ ನಿಲ್ಲಿಸುವುದು ದೊಡ್ಡ ತಪ್ಪು. ಸೀರಂ ಕಬ್ಬಿಣ ಉರಿಯೂತದಲ್ಲಿ ಇಳಿಯುತ್ತದೆ, ಟಿಐಬಿಸಿಯೂ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಎಂಬ ಅಳತೆ) ಇಳಿಯುತ್ತದೆ. ಕಬ್ಬಿಣದ ನಿಜವಾದ ಕೊರತೆಯಲ್ಲಿ ಟಿಐಬಿಸಿ ಏರುತ್ತದೆ. ಈ ಒಂದು ವ್ಯತ್ಯಾಸ ಬಹಳ ಸಲ ದಾರಿ ತೋರಿಸುತ್ತದೆ.

ವಿಟಮಿನ್ ಡಿ ಅಂಕಿ ಓದುವಾಗಲೂ ಘಟಕ ನೋಡಿ. ಮಿಲಿಲೀಟರಿಗೆ 1 ನ್ಯಾನೋಗ್ರಾಂ ಅಂದರೆ ಲೀಟರಿಗೆ 2.5 ನ್ಯಾನೋಮೋಲ್. ಜ್ವರದ ವಾರ ಬಂದ ಮಿಲಿಲೀಟರಿಗೆ 14 ನ್ಯಾನೋಗ್ರಾಂ ಎಂಬುದನ್ನು ಹಿಡಿದು 60,000 ಯೂನಿಟ್ಟಿನ ಸ್ಯಾಚೆಟ್ ಶುರು ಮಾಡಿ, ತಿಂಗಳ ಮೇಲೆ ಮತ್ತೆ ನೋಡಿ ಅಂಕಿ ಏರಿದ್ದಕ್ಕೆ ಸಮಾಧಾನ ಪಡುವವರಿದ್ದಾರೆ. ಏರಿದ್ದರಲ್ಲಿ ಎಷ್ಟು ಸ್ಯಾಚೆಟ್‌ನಿಂದ, ಎಷ್ಟು ಜ್ವರ ಇಳಿದದ್ದರಿಂದ ಎಂದು ಆಗ ಯಾರೂ ಹೇಳಲಾರರು. ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಎಂದು ತಿಳಿದು ತಿಂದರೆ ರಕ್ತದ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಕೊರತೆ ಖಚಿತವಾಗದೆ ಇಷ್ಟು ಅಪಾಯ ತಲೆಯ ಮೇಲೆ ಹೊರುವುದು ಸರಿಯಲ್ಲ.

ಬಿ12 ಮತ್ತು ಫೋಲೇಟ್ ಮೇಲೆ ಉರಿಯೂತದ ನೇರ ಪ್ರಭಾವ ಅಷ್ಟಿಲ್ಲ. ಆದರೆ ಅವಕ್ಕೆ ಬೇರೆ ತೊಡಕುಗಳಿವೆ. ಯಕೃತ್ತಿಗೆ ಪೆಟ್ಟಾದಾಗ ಬಿ12 ರಕ್ತಕ್ಕೆ ಸುರಿದು ಅಂಕಿ ಏರುತ್ತದೆ. ಕಾಮಾಲೆಯವರಲ್ಲಿ, ಕುಡಿತದಿಂದ ಯಕೃತ್ತು ಕೆಟ್ಟವರಲ್ಲಿ “ಬಿ12 ಬೇಕಾದಷ್ಟಿದೆ” ಎಂಬ ರಿಪೋರ್ಟಿಗೆ ಅರ್ಥವಿಲ್ಲ. ಒಂದು ಬಿ12 ಇಂಜೆಕ್ಷನ್ ಆಗಿದ್ದರೂ ವಾರಗಟ್ಟಲೆ ಅಂಕಿ ಮೇಲಿರುತ್ತದೆ. ಮಿಲಿಲೀಟರಿಗೆ 200ರಿಂದ 300 ಪಿಕೋಗ್ರಾಂ ನಡುವೆ ಬಂದರೆ, ಅದರಲ್ಲೂ ಶಾಕಾಹಾರಿ ಆಗಿದ್ದು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಾದರೆ, ಬಿ12 ಕೊರತೆಯನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ ಹೋಲೋಟ್ರಾನ್ಸ್‌ಕೊಬಾಲಮಿನ್ ಅಥವಾ ಎಂಎಂಎ ಪರೀಕ್ಷೆ ಕೇಳಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಎಂಎಂಎ ಸುಳ್ಳೇ ಏರುತ್ತದೆ, ಕ್ರಿಯಾಟಿನಿನ್ ಜೊತೆಗಿಟ್ಟು ನೋಡಿ. ಸೀರಂ ಫೋಲೇಟ್ ತೋರಿಸುವುದು ಹೋದ ಕೆಲವು ದಿನದ ಊಟವನ್ನು. ವಾರವಿಡೀ ಗಂಜಿಯ ಮೇಲಿದ್ದವರಲ್ಲಿ ಅದು ಇಳಿದಿರುತ್ತದೆ, ನಾಲ್ಕು ದಿನ ಮೆಂತ್ಯೆ ಸೊಪ್ಪು, ಕಡಲೆ, ಹೆಸರುಕಾಳು ತಿಂದರೆ ಏರಿರುತ್ತದೆ. ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಬೇಕೆಂದರೆ ಕೆಂಪುಕಣದ ಫೋಲೇಟ್ ಮಾಡಿಸಬೇಕು.

ಬಿ1 ಪರೀಕ್ಷೆಯನ್ನು ಇಡೀ ರಕ್ತದಲ್ಲಿ, ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಮಾಡುತ್ತಾರೆ. ಅದು ಕಣಗಳ ಒಳಗಿನ ಅಳತೆಯಾದ್ದರಿಂದ ಉರಿಯೂತಕ್ಕೆ ಅಷ್ಟಾಗಿ ಅಲುಗುವುದಿಲ್ಲ. ಬಿ6ನ್ನೂ ಕೆಂಪುಕಣದೊಳಗೆ ಅಳೆದರೆ ಹೆಚ್ಚು ನಂಬಬಹುದು. ವಿಟಮಿನ್ ಇ ರಕ್ತದಲ್ಲಿ ಕೊಬ್ಬಿನ ಮೇಲೆ ಸವಾರಿ ಮಾಡುತ್ತದೆ, ಹಾಗಾಗಿ ಅದನ್ನು ಕೊಲೆಸ್ಟರಾಲ್‌ನಿಂದ ಭಾಗಿಸಿ ನೋಡಬೇಕು. ತಾಮ್ರ ಮಾತ್ರ ಉರಿಯೂತದಲ್ಲಿ ಏರುತ್ತದೆ; ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರಲ್ಲೂ, ಬಸುರಿಯರಲ್ಲೂ ಏರುತ್ತದೆ.

ಜಿಂಕ್ ಬಗ್ಗೆ ಇನ್ನೊಂದು ಮಾತು. ಬೆಳಿಗ್ಗೆ ಉಪವಾಸದಲ್ಲಿ ಹೆಂಗಸರಿಗೆ ಡೆಸಿಲೀಟರಿಗೆ 70 ಮೈಕ್ರೋಗ್ರಾಂ, ಗಂಡಸರಿಗೆ 74 ಕೆಳಗಿನ ಗೆರೆ. ಮಧ್ಯಾಹ್ನ ತೆಗೆದ ರಕ್ತಕ್ಕೆ ಅದು 59 ಮತ್ತು 61. ಮಧ್ಯಾಹ್ನದ ಸ್ಯಾಂಪಲ್‌ನ 65ನ್ನು ಬೆಳಗಿನ ಗೆರೆಗೆ ಹಚ್ಚಿ ಕೊರತೆ ಎಂದು ಬರೆದ ರಿಪೋರ್ಟುಗಳಲ್ಲಿ ಉರಿಯೂತವೂ ಇಲ್ಲ, ಕೊರತೆಯೂ ಇಲ್ಲ; ಗಡಿಯಾರ ನೋಡದೆ ಇದ್ದದ್ದೇ ಕಾರಣ.

ಒಂದು ರಿಪೋರ್ಟ್ ಓದೋಣ

45 ವರ್ಷದ ಹೆಣ್ಣುಮಗಳು, ಮೂತ್ರದ ಸೋಂಕಿಗೆ ಆ್ಯಂಟಿಬಯೋಟಿಕ್ ಮುಗಿದು 3 ದಿನ ಆಗಿದೆ ಎಂದಿಟ್ಟುಕೊಳ್ಳಿ. ಶಾಕಾಹಾರಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತದ ರಿಪೋರ್ಟ್ ಹೀಗಿದೆ: ಸಿಆರ್‌ಪಿ ಡೆಸಿಲೀಟರಿಗೆ 3.2 ಮಿಲಿಗ್ರಾಂ. ಹಿಮೋಗ್ಲೋಬಿನ್ 10.4, ಎಂಸಿವಿ (ಕೆಂಪುಕಣದ ಗಾತ್ರ) 72. ಫೆರಿಟಿನ್ 48. ವಿಟಮಿನ್ ಡಿ 13. ವಿಟಮಿನ್ ಎ ಡೆಸಿಲೀಟರಿಗೆ 18 ಮೈಕ್ರೋಗ್ರಾಂ. ಜಿಂಕ್ 58. ಬಿ12 260.

ಮೊದಲು ಸಿಆರ್‌ಪಿಯನ್ನು ಹತ್ತರಿಂದ ಗುಣಿಸಿ: 32. ಅಲ್ಲಿಗೆ ಡಿ, ಎ, ಜಿಂಕ್ ಮೂರೂ ಇವತ್ತಿನ ಮಟ್ಟಿಗೆ ಓದಲು ಬಾರದ ಅಂಕಿಗಳು. ಮೂರೂ ಉರಿಯೂತ ತಳ್ಳಿದ ಕಡೆಗೇ ಹೋಗಿವೆ. ವಿಟಮಿನ್ ಎಗೆ ಕೊರತೆಯ ಗೆರೆ 20, ಈಕೆಗೆ 18 ಇದೆ. ಅಷ್ಟಕ್ಕೇ ಗಾಬರಿ ಬಿದ್ದು ದೊಡ್ಡ ಪ್ರಮಾಣದ ಕ್ಯಾಪ್ಸೂಲ್ ತಿನ್ನಬಾರದು. ವಿಟಮಿನ್ ಎ ಮೈಯಲ್ಲಿ ಶೇಖರವಾಗುತ್ತದೆ, ಹೆಚ್ಚಾದರೆ ಯಕೃತ್ತಿಗೆ ವಿಷ. ಫೆರಿಟಿನ್ 48 ರಿಪೋರ್ಟಿನಲ್ಲಿ ಕಪ್ಪು ಅಕ್ಷರದಲ್ಲಿ, ಯಾವ ಗುರುತೂ ಇಲ್ಲದೆ ಇರುತ್ತದೆ. ಆದರೆ ಉರಿಯೂತದ ನಡುವೆ ಅದು 70ಕ್ಕಿಂತ ಕೆಳಗಿದೆ, ಹಿಮೋಗ್ಲೋಬಿನ್ ಕಡಿಮೆ, ಕೆಂಪುಕಣಗಳು ಸಣ್ಣವು. ಕಬ್ಬಿಣದ ಕೊರತೆಯ ಕಡೆಗೆ ಮೂರೂ ಬೊಟ್ಟು ಮಾಡುತ್ತಿವೆ. ವೈದ್ಯರು ಚಿಕಿತ್ಸೆ ಆರಂಭಿಸಬಹುದು. ಕಬ್ಬಿಣ ಕೊಟ್ಟರೂ ಹಿಮೋಗ್ಲೋಬಿನ್ ಏರದಿದ್ದರೆ ಥಲಸ್ಸೇಮಿಯಾ ಎಂಬ, ವಂಶದಿಂದ ಬರುವ ರಕ್ತದೋಷದ ಅಂಶ ಇದೆಯೇ ನೋಡಬೇಕು. ಬಿ12 ಸಂದೇಹದ ನಡುಪಟ್ಟಿಯಲ್ಲಿದೆ, ಸಿಆರ್‌ಪಿಯ ನೆಪ ಹೇಳಿ ಬಿಡುವಂತಿಲ್ಲ, ಮುಂದಿನ ಪರೀಕ್ಷೆ ಬೇಕು.

ಕೆಂಪು ಗುರುತು ಬಿದ್ದ ಮೂರು ಸಾಲು ಕಾಯಬಹುದಾದವು, ಗುರುತೇ ಇಲ್ಲದ ಎರಡು ಸಾಲು ಕೂಡಲೇ ಗಮನ ಬೇಡುವವು. ಆರು ವಾರದ ಮೇಲೆ ಅದೇ ಲ್ಯಾಬಿನಲ್ಲಿ, ಬೆಳಿಗ್ಗೆಯೇ, ಸಿಆರ್‌ಪಿ ಸಮೇತ ಡಿ, ಎ, ಜಿಂಕ್ ಮಾತ್ರ ಮತ್ತೆ ಮಾಡಿಸಿದರೆ ಸಾಕು. ಆಗ ಸಿಆರ್‌ಪಿ 2 ಇದ್ದು ಎ 31, ಜಿಂಕ್ 76, ಡಿ 15 ಬಂದರೆ, ಎ ಮತ್ತು ಜಿಂಕ್ ತಾವಾಗಿಯೇ ಮೇಲೆ ಬಂದಿವೆ, ಡಿ ಕೊರತೆ ನಿಜವಾದದ್ದು.

ಉರಿಯೂತ ಹೋಗದೇ ಇರುವವರಿಗೆ

ರುಮಟಾಯ್ಡ್ ಸಂಧಿವಾತ, ಡಯಾಲಿಸಿಸ್, ಕ್ಷಯ, ಕರುಳಿನ ದೀರ್ಘಕಾಲದ ಹುಣ್ಣು, ಇಂಥವರಿಗೆ “ಸಿಆರ್‌ಪಿ 5ರ ಕೆಳಗೆ ಬರಲಿ” ಎಂದರೆ ಪರೀಕ್ಷೆಯ ದಿನವೇ ಬರುವುದಿಲ್ಲ. ಇವರಿಗೆ ಕಾಯಿಲೆ ತಕ್ಕಮಟ್ಟಿಗೆ ಹತೋಟಿಯಲ್ಲಿರುವ ದಿನ ಹಿಡಿಯಿರಿ, ಉಲ್ಬಣವಾದ ವಾರ ಬೇಡ. ಒಂದು ಅಂಕಿಗಿಂತ ಮೂರು ನಾಲ್ಕು ಸಲದ ಓಟವನ್ನು ನೋಡಿ, ಸಿಆರ್‌ಪಿ ಒಂದೇ ಮಟ್ಟದಲ್ಲಿದ್ದ ಸಲಗಳನ್ನಷ್ಟೇ ಒಂದಕ್ಕೊಂದು ಹೋಲಿಸಿ. ಕಬ್ಬಿಣಕ್ಕೆ ಫೆರಿಟಿನ್ ಜೊತೆ ಕರಗುವ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಪರೀಕ್ಷೆ ಸಿಕ್ಕರೆ ಮಾಡಿಸಿ, ಅದನ್ನು ಉರಿಯೂತ ಅಷ್ಟಾಗಿ ಕೆಡಿಸುವುದಿಲ್ಲ. ಇನ್ನು ಕೆಲವನ್ನು ಅಳೆಯದೆಯೇ ಕೊಡುತ್ತಾರೆ: ಕ್ಷಯಕ್ಕೆ ಐಸೋನಿಯಾಜಿಡ್ ತೆಗೆದುಕೊಳ್ಳುವವರಿಗೆ ಬಿ6 ಗುಳಿಗೆ ಕೊಡಲು ರಕ್ತದ ಅಂಕಿ ಕಾಯುವುದಿಲ್ಲ.

ಅಂಗನವಾಡಿ ಸಮೀಕ್ಷೆ ಮಾಡುವವರಿಗೆ

ಧಾರವಾಡದಲ್ಲಿ ಆಹಾರ ಮತ್ತು ಪೋಷಣೆ ಓದುತ್ತ ಹಳ್ಳಿಗಳಲ್ಲಿ ಮಕ್ಕಳ ರಕ್ತ ಸಂಗ್ರಹಿಸುವ ವಿದ್ಯಾರ್ಥಿಗಳಿಗೆ ಲೆಕ್ಕ ಬೇರೆ. ಗುಂಪಿನ ಮಟ್ಟದಲ್ಲಿ ಅಂಕಿಯನ್ನು ತಿದ್ದುವ ದಾರಿ ಇದೆ. ಸಿಆರ್‌ಪಿ (ಗೆರೆ 5) ಮತ್ತು ಎಜಿಪಿ (ಗೆರೆ 1) ಎರಡೂ ಮಾಡಿಸಿ ಮಕ್ಕಳನ್ನು ನಾಲ್ಕು ಪಾಲು ಮಾಡಿ: ಎರಡೂ ಸರಿ ಇದ್ದವರು, ಸಿಆರ್‌ಪಿ ಮಾತ್ರ ಏರಿದವರು, ಎರಡೂ ಏರಿದವರು, ಎಜಿಪಿ ಮಾತ್ರ ಉಳಿದವರು. ಮೊದಲ ಪಾಲಿಗೆ ತಿದ್ದುಪಡಿ ಬೇಡ. ಉಳಿದ ಮೂರಕ್ಕೆ ಕ್ರಮವಾಗಿ ರೆಟಿನಾಲನ್ನು 1.13, 1.24, 1.11ರಿಂದ ಗುಣಿಸುತ್ತಾರೆ, ಫೆರಿಟಿನನ್ನು 0.77, 0.53, 0.75ರಿಂದ. ನಾಲ್ಕು ವರ್ಷದ ಮಗುವಿಗೆ ಎರಡೂ ಏರಿವೆ, ರೆಟಿನಾಲ್ ಲೀಟರಿಗೆ 0.60 ಮೈಕ್ರೋಮೋಲ್, ಫೆರಿಟಿನ್ 20 ಎಂದುಕೊಳ್ಳಿ. ಗುಣಿಸಿದರೆ ರೆಟಿನಾಲ್ 0.74, ಅಂದರೆ 0.70ರ ಗೆರೆಯ ಮೇಲೆ, ಫೆರಿಟಿನ್ 10.6, ಅಂದರೆ 12ರ ಕೆಳಗೆ. ತಿದ್ದುವ ಮೊದಲು ಎ ಕೊರತೆ ಇತ್ತು, ಕಬ್ಬಿಣ ಸರಿ ಇತ್ತು. ತಿದ್ದಿದ ಮೇಲೆ ಸಾಲು ಪೂರ್ತಿ ತಿರುಗಿತು. ಹಳ್ಳಿಯಲ್ಲಿ ಎಷ್ಟು ಮಕ್ಕಳಿಗೆ ಕೊರತೆ ಇದೆ ಎಂದು ಎಣಿಸಲು ಇದನ್ನು ಬಳಸಿ, ಆ ಒಂದು ಮಗುವಿನ ಚೀಟಿ ಬರೆಯಲು ಬಳಸಬೇಡಿ. ಜ್ವರದಲ್ಲಿರುವ ಮಕ್ಕಳನ್ನು ಆ ದಿನ ಬಿಟ್ಟು ಮುಂದಿನ ಭೇಟಿಗೆ ಕರೆಯುವುದು ಯಾವ ತಿದ್ದುಪಡಿಗಿಂತಲೂ ಮೇಲು.

ಕಾಯಬಾರದ ಸಂದರ್ಭಗಳು

ಲಕ್ಷಣ ಎದುರಿಗೇ ಇರುವಾಗ ಸಿಆರ್‌ಪಿ ಇಳಿಯಲಿ ಎಂದು ಕೂಡಬಾರದು. ಕತ್ತಲಾದ ಮೇಲೆ ಕಣ್ಣು ಕಾಣದ ಮಗು, ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ. ವಸಡಿನಿಂದ ರಕ್ತ, ಕಾಲಿನ ಮೇಲೆ ತಾನಾಗಿ ಎದ್ದ ರಕ್ತದ ಕಲೆ. ಕೈಕಾಲು ಜೋಮು ಹಿಡಿದು ನಡಿಗೆ ತಪ್ಪುವುದು. ಕೈ ಸೆಟೆದು ಬರುವ ಫಿಟ್ಸ್. ಇವಕ್ಕೆ ಕೂಡಲೇ ದವಾಖಾನೆಗೆ ಹೋಗಿ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಗಲಿ, ಗದಗ, ಹಾವೇರಿಯ ಜಿಲ್ಲಾ ವೈದ್ಯಕೀಯ ಸಂಸ್ಥೆ ಆಗಲಿ. ಚಿಕಿತ್ಸೆಗೆ ಮೊದಲು ಒಂದು ಟ್ಯೂಬ್ ರಕ್ತ ತೆಗೆದಿಟ್ಟರೆ ಸಾಕು, ರಿಪೋರ್ಟ್ ಆಮೇಲೆ ಬರಲಿ. ಬಹಳ ಕುಡಿಯುವವರು ವಾಂತಿ ಮಾಡಿಕೊಂಡು, ಊಟ ಬಿಟ್ಟು, ಗೊಂದಲದಲ್ಲಿ ಮಾತಾಡುತ್ತಿದ್ದರೆ ಗ್ಲೂಕೋಸ್ ಬಾಟಲಿ ಹಚ್ಚುವ ಮೊದಲು, ಕೊನೆಗೆ ಅದರ ಜೊತೆಗಾದರೂ, ಬಿ1 ಇಂಜೆಕ್ಷನ್ ಹೋಗಬೇಕು. ಅದಿಲ್ಲದೆ ಗ್ಲೂಕೋಸ್ ಮಾತ್ರ ಹೋದರೆ ಮಿದುಳಿಗೆ ಪೆಟ್ಟು ಬೀಳಬಹುದು. ದಡಾರ ಬಂದ ಮಗುವಿಗೆ ರಕ್ತದ ರೆಟಿನಾಲ್ ನೋಡುವ ಪ್ರಶ್ನೆಯೇ ಇಲ್ಲ: 6 ತಿಂಗಳೊಳಗಿನ ಕೂಸಿಗೆ 50,000 ಯೂನಿಟ್, 6ರಿಂದ 11 ತಿಂಗಳಿನದಕ್ಕೆ 1 ಲಕ್ಷ, ವರ್ಷ ತುಂಬಿದ ಮಕ್ಕಳಿಗೆ 2 ಲಕ್ಷ ಯೂನಿಟ್ ವಿಟಮಿನ್ ಎಯನ್ನು ವೈದ್ಯರು ಇವತ್ತೊಮ್ಮೆ, ನಾಳೆ ಒಮ್ಮೆ ಕೊಡುತ್ತಾರೆ. ಎರಡನೆಯ ದಿನದ ಡೋಸ್ ತಪ್ಪಬಾರದು. ಆರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯ ನೆರವಿನಿಂದ ಕುಡಿಸುವ ವಿಟಮಿನ್ ಎ ಸಿರಪ್ಪು ಯಾವಾಗ ಆಗಿತ್ತು ಎಂದು ತಾಯಿ ಕಾರ್ಡ್ ನೋಡಿ ವೈದ್ಯರಿಗೆ ತಿಳಿಸಿ.